ಕುಮ್ತೋರ್: ಚಿನ್ನ ಯಾರದು ಅಂತ ತೀರ್ಮಾನವಾಯ್ತು, ಹಿಮದ ಗತಿ?

ಕಿರ್ಗಿಸ್ತಾನದಲ್ಲಿ ಗಣಿಯ ಮಾತೆತ್ತಿದರೆ ಮೊದಲು ಬರುವ ಹೆಸರು ಕುಮ್ತೋರ್. ತಿಯಾನ್ ಶಾನ್ ಬೆಟ್ಟಗಳಲ್ಲಿ, ಸುಮಾರು 4,000 ಮೀಟರ್ ಎತ್ತರದಲ್ಲಿರುವ ಚಿನ್ನದ ಗಣಿ ಇದು. ಅಲ್ಲಿ ನೆಲದಾಳ ವರ್ಷಪೂರ್ತಿ ಹೆಪ್ಪುಗಟ್ಟಿರುತ್ತದೆ.

ಸೋವಿಯತ್ ಭೂವಿಜ್ಞಾನಿಗಳು 1978ರಲ್ಲೇ ಇಲ್ಲಿ ಚಿನ್ನ ಪತ್ತೆ ಮಾಡಿದ್ದರು. ಆದರೆ ಗಣಿ ಶುರುವಾಗಲಿಲ್ಲ. 1991ರಲ್ಲಿ ದೇಶ ಸ್ವತಂತ್ರವಾದಾಗ ಮಾಸ್ಕೋದಿಂದ ಬರುತ್ತಿದ್ದ ಹಣ ನಿಂತುಹೋಯಿತು. ಕೈ ಖಾಲಿಯಿದ್ದ ಸರ್ಕಾರ ಮರುವರ್ಷವೇ ಕೆನಡಾದ ಕ್ಯಾಮೆಕೊ ಕಂಪನಿ ಜೊತೆ ಒಪ್ಪಂದಕ್ಕೆ ಬಂತು. 1997ರಲ್ಲಿ ಗಣಿ ಪೂರ್ತಿ ಪ್ರಮಾಣದಲ್ಲಿ ಕೆಲಸ ಶುರುಮಾಡಿತು.

ಒಂದೇ ವರ್ಷ. 1998ರ ಮೇ 20ರಂದು ಸೈನೈಡ್ ಹೊತ್ತ ಲಾರಿಯೊಂದು ಬಾರ್ಸ್ಕೂನ್ ನದಿಗೆ ಉರುಳಿತು. ಇಲ್ಲಿ ಒಂದು ಟನ್ ಕಲ್ಲಿನಲ್ಲಿ ಸಿಗುವುದು ಕೆಲವೇ ಗ್ರಾಂ ಚಿನ್ನ. ಕಲ್ಲನ್ನು ಹಿಟ್ಟಿನಂತೆ ಪುಡಿಮಾಡಿ, ಸೈನೈಡ್ ಬೆರೆತ ನೀರಿನಲ್ಲಿ ಚಿನ್ನವನ್ನು ಕರಗಿಸಿ ತೆಗೆಯುತ್ತಾರೆ. ಹಾಗಾಗಿ ಲಾರಿಗಟ್ಟಲೆ ಸೈನೈಡ್ ಬೆಟ್ಟ ಹತ್ತಲೇಬೇಕು. ಅವತ್ತು ಸುಮಾರು 1.7 ಟನ್ ಸೈನೈಡ್ ನದಿಯ ನೀರಿಗೆ ಸೇರಿತು. ಕೆಳಗಿನ ಹಳ್ಳಿಯವರು ಅದೇ ನೀರನ್ನು ಕುಡಿಯುತ್ತಿದ್ದರು, ಹೊಲಕ್ಕೆ ಹಾಯಿಸುತ್ತಿದ್ದರು. ಅವರಿಗೆ ಸುದ್ದಿ ತಲುಪಿದ್ದು ಗಂಟೆಗಟ್ಟಲೆ ತಡವಾಗಿ. ಸಾವಿರಾರು ಜನ ಚಿಕಿತ್ಸೆಗೆ ಹೋದರು. ಆ ಸಿಟ್ಟು ಇವತ್ತಿಗೂ ಆರಿಲ್ಲ. ಅದು ನ್ಯಾಯವಾದ ಸಿಟ್ಟೇ.

ಜೊತೆಗೆ ದುಡ್ಡಿನ ಜಗಳ ಬೇರೆ. ಶುರುವಿನಲ್ಲಿ ಗಣಿಯ ಮೂರರಲ್ಲಿ ಎರಡು ಪಾಲು ಸರ್ಕಾರದ್ದಾಗಿತ್ತು. 2004ರಲ್ಲಿ ಸೆಂಟೆರಾ ಅನ್ನೋ ಹೊಸ ಕೆನಡಾ ಕಂಪನಿ ಹುಟ್ಟಿ, ಗಣಿ ಅದರ ಕೈಗೆ ಹೋಯಿತು. ದೇಶಕ್ಕೆ ಉಳಿದದ್ದು ಕಂಪನಿಯ ಷೇರು ಮಾತ್ರ. ನಮ್ಮ ಬೆಟ್ಟ, ನಮ್ಮ ಚಿನ್ನ, ಲಾಭ ಮಾತ್ರ ಯಾರಿಗೋ ಅಂತ ಜನರಿಗೆ ಅನ್ನಿಸಿದ್ದು ಸಹಜ ಅಲ್ವಾ? 2013ರಲ್ಲಿ ಪ್ರತಿಭಟನಾಕಾರರು ಗಣಿಯ ರಸ್ತೆ ಅಡ್ಡಗಟ್ಟಿ ವಿದ್ಯುತ್ ಕಡಿದರು. ಸರ್ಕಾರ ಅಲ್ಲಿ ತುರ್ತು ಪರಿಸ್ಥಿತಿ ಹೇರಿತು.

ಗಣಿ ದೇಶದ್ದಾಗಬೇಕು ಅಂತ ಜೋರಾಗಿ ಕೂಗಿದವರಲ್ಲಿ ಸದಿರ್ ಜಪಾರೊವ್ ಒಬ್ಬರು. ಕುಮ್ತೋರ್ ಹೋರಾಟಕ್ಕೆ ಸಂಬಂಧಿಸಿದ ಪ್ರಕರಣದಲ್ಲಿ ಜೈಲು ಸೇರಿದ್ದ ಅವರನ್ನು 2020ರ ಅಕ್ಟೋಬರ್‌ನಲ್ಲಿ ಬೆಂಬಲಿಗರು ಬಿಡಿಸಿಕೊಂಡು ಬಂದರು. ಮರುವರ್ಷ ಅವರು ಅಧ್ಯಕ್ಷರಾದರು. ಅದೇ ವರ್ಷದ ಮೇ ತಿಂಗಳಲ್ಲಿ ಸರ್ಕಾರ ಗಣಿಯನ್ನು ಕೈಗೆ ತೆಗೆದುಕೊಂಡಿತು. 2022ರಲ್ಲಿ ರಾಜಿಯಾಯಿತು. ಸೆಂಟೆರಾದಲ್ಲಿದ್ದ ಸುಮಾರು 26 ಶೇಕಡಾ ಷೇರನ್ನು ಕಿರ್ಗಿಸ್ತಾನ ಬಿಟ್ಟುಕೊಟ್ಟು, ಗಣಿಯನ್ನು ಪೂರ್ತಿ ತನ್ನದಾಗಿಸಿಕೊಂಡಿತು.

ಈ ಕಥೆಯಲ್ಲಿ ನನಗೆ ಜಾಸ್ತಿ ಕಾಡುವುದು ಹಿಮ. ಅಗೆದ ಕಲ್ಲುಮಣ್ಣನ್ನು ವರ್ಷಗಟ್ಟಲೆ ದವಿದೊವ್ ಹಿಮನದಿಯ ಮೇಲೆ ಸುರಿದಿದ್ದಾರೆ. ಹಿಮನದಿ ಸುಮ್ನೆ ಬಿದ್ದಿರೋ ಬಂಡೆಯಲ್ಲ, ಅದು ನಿಧಾನವಾಗಿ ಜರುಗುತ್ತದೆ. ಮೇಲೆ ಭಾರ ಬಿದ್ದಷ್ಟೂ ಬೇಗ ಜರುಗುತ್ತದೆ. 2019ರ ಡಿಸೆಂಬರ್‌ನಲ್ಲಿ ಗಣಿಯ ಕಲ್ಲುರಾಶಿಯೊಂದು ಕುಸಿದು ಇಬ್ಬರು ಕಾರ್ಮಿಕರು ಮಣ್ಣಿನಡಿ ಹೋದರು.

ಪಕ್ಕದ ಪೆಟ್ರೋವ್ ಹಿಮನದಿಯೂ ಕರಗುತ್ತಾ ಹಿಂದೆ ಸರಿಯುತ್ತಿದೆ. ಅದರ ಬುಡದ ಕೆರೆ ದೊಡ್ಡದಾಗುತ್ತಿದೆ. ಆ ಕೆರೆಯ ನೀರನ್ನು ತಡೆದು ನಿಲ್ಲಿಸಿರುವುದು ಹಿಮನದಿ ತಂದು ಹಾಕಿದ ಕಲ್ಲುಮಣ್ಣಿನ ದಿಬ್ಬ. ಅದರೊಳಗೂ ಮಂಜುಗಡ್ಡೆಯಿದೆ. ಕೆರೆಯಿಂದ ಕೆಲವೇ ಕಿಲೋಮೀಟರ್ ಕೆಳಗೆ, ಸೈನೈಡ್ ಬಳಸಿ ಚಿನ್ನ ತೆಗೆದ ಮೇಲೆ ಉಳಿದ ಕೆಸರನ್ನು ತುಂಬಿಟ್ಟ ಕೊಳವಿದೆ. ಅಲ್ಲಿಂದ ಹರಿಯುವ ಕುಮ್ತೋರ್ ನದಿ ನರಿನ್ ಸೇರುತ್ತದೆ, ನರಿನ್ ಸಿರ್ ದರಿಯಾ ಆಗಿ ಉಜ್ಬೇಕಿಸ್ತಾನದ ಹತ್ತಿ ಹೊಲಗಳಿಗೆ ಹೋಗುತ್ತದೆ. ಆ ಕೊಳವನ್ನು ಕಾಯುವ ಹೊಣೆ ಈಗ ಪೂರ್ತಿ ರಾಜಧಾನಿ ಬಿಷ್ಕೆಕ್‌ನಲ್ಲಿರುವ ಕಿರ್ಗಿಸ್ತಾನ ಸರ್ಕಾರದ್ದು.