ಅಕಿಲೀಸನ ಜುಟ್ಟು ಹಿಡಿದವಳು

ಟ್ರಾಯ್ ಯುದ್ಧವನ್ನು ಹೇಳುವ ಹೋಮರನ ಗ್ರೀಕ್ ಮಹಾಕಾವ್ಯ ಇಲಿಯಡ್‌ನ ಮೊದಲ ಸರ್ಗ, 188ನೇ ಸಾಲಿನ ಆಸುಪಾಸು. ತುಂಬಿದ ಸಭೆಯಲ್ಲಿ ಗ್ರೀಕರ ದಳಪತಿ ಅಗಮೆಮ್ನಾನ್, ವೀರ ಅಕಿಲೀಸನ ಪಾಲಿಗೆ ಬಂದಿದ್ದ ಸೆರೆಯಾಳು ಬ್ರಿಸೆಯಿಸಳನ್ನು ತಾನು ಒಯ್ಯುವುದಾಗಿ ಹೇಳಿಬಿಟ್ಟಿದ್ದಾನೆ. ಅಕಿಲೀಸನ ಎದೆಯೊಳಗೆ ಹೊಯ್ದಾಟ: ಇವನನ್ನು ಇಲ್ಲೇ ಮುಗಿಸಲೇ, ಕೋಪ ನುಂಗಲೇ? ಕತ್ತಿ ಒರೆಯಿಂದ ಹೊರಬರುತ್ತಿರುವಾಗಲೇ ದೇವತೆ ಅಥೀನಾ ಹಿಂದಿನಿಂದ ಬಂದು ಅವನ ಹೊಂಗೂದಲನ್ನು ಹಿಡಿಯುತ್ತಾಳೆ. ಅವನೊಬ್ಬನನ್ನು ಬಿಟ್ಟು ಬೇರೆ ಯಾರಿಗೂ ಅವಳು ಕಾಣುವುದಿಲ್ಲ. ಬೈಯುವುದಿದ್ದರೆ ಬೈ, ಕತ್ತಿ ಎಳೆಯಬೇಡ, ಮುಂದೊಂದು ದಿನ ಮೂರು ಪಟ್ಟು ಕಾಣಿಕೆ ಬರುತ್ತದೆ ಎನ್ನುತ್ತಾಳೆ. ಕತ್ತಿ ಒರೆಗೆ ಮರಳುತ್ತದೆ.

ತಡೆದದ್ದು ದೇವತೆಯೋ, ಅವನದೇ ವಿವೇಕವೋ? ಈ ಪ್ರಶ್ನೆಗೆ ಎರಡೂವರೆ ಸಾವಿರ ವರ್ಷದ ವಯಸ್ಸು.

ಮೊದಲು ಎದ್ದದ್ದು ದೇವರುಗಳ ನಡತೆಯ ಬಗೆಗಿನ ತಕರಾರು. ಕ್ರಿ.ಪೂ. 6ನೇ ಶತಮಾನದಲ್ಲೇ ತತ್ತ್ವಜ್ಞಾನಿ ಕ್ಸೆನೊಫನೀಸ್, ಮನುಷ್ಯರಲ್ಲಿ ನಾಚಿಕೆಗೇಡು ಎನಿಸುವ ಕಳವು, ಹಾದರ, ಮೋಸಗಳನ್ನೆಲ್ಲ ಕವಿಗಳಾದ ಹೋಮರ್ ಮತ್ತು ಹೆಸಿಯೊಡ್ ದೇವರ ತಲೆಗೆ ಕಟ್ಟಿದರು ಎಂದು ಸಿಡುಕಿದ. ಅವನ ಸಿಡುಕಿಗೆ ಕಾರಣವಿತ್ತು. 5ನೇ ಸರ್ಗದಲ್ಲಿ ಡಯೋಮಿಡೀಸ್ ಎಂಬ ಮನುಷ್ಯ ಪ್ರೇಮದೇವತೆ ಅಫ್ರೋಡೈಟಿಯ ಕೈಗೆ ಈಟಿ ಚುಚ್ಚುತ್ತಾನೆ. ಯುದ್ಧದೇವ ಆರೀಸ್‌ನ ಕಿಬ್ಬೊಟ್ಟೆಗೂ ಅವನ ಈಟಿ ನಾಟಿ, ದೇವ ಒಂಬತ್ತು-ಹತ್ತು ಸಾವಿರ ಜನ ಒಟ್ಟಿಗೆ ಕೂಗಿದಂತೆ ಅರಚುತ್ತಾನೆ. 21ನೇ ಸರ್ಗದಲ್ಲಿ ದೇವತೆ ಹೀರಾ, ಇನ್ನೊಬ್ಬ ದೇವತೆ ಆರ್ಟೆಮಿಸ್‌ಳ ಬಿಲ್ಲನ್ನೇ ಕಿತ್ತುಕೊಂಡು ಅವಳ ಕಿವಿಯ ಮೇಲೆ ಬಾರಿಸುತ್ತಾಳೆ.

ಇದಕ್ಕೆ ಸಮಜಾಯಿಷಿ ಕೊಡಲು ಹೊರಟವರಲ್ಲಿ ಮೊದಲಿಗನೆಂದು ರೇಜಿಯಮ್ಮಿನ ಥಿಯಾಜಿನೀಸ್‌ನನ್ನು ಹೆಸರಿಸುತ್ತಾರೆ. ಅವನ ಪ್ರಕಾರ ದೇವರುಗಳ ಜಗಳವೆಂದರೆ ಪ್ರಕೃತಿಯ ಮೂಲವಸ್ತುಗಳ, ಮನಸ್ಸಿನ ಗುಣಗಳ ತಿಕ್ಕಾಟ: ಹೆಫೆಸ್ಟಸ್ ಬೆಂಕಿ, ಪೊಸೈಡನ್ ನೀರು, ಹೀರಾ ಗಾಳಿ, ಅಥೀನಾ ವಿವೇಕ. ಈ ಕೀಲಿ ಮೊದಲ ಸರ್ಗದ ಬೀಗಕ್ಕೆ ಸಲೀಸಾಗಿ ಹೊಂದುತ್ತದೆ. 22ನೇ ಸರ್ಗಕ್ಕೆ ಬಂದರೆ ಮುರಿಯುತ್ತದೆ. ಅಲ್ಲಿ ಅಥೀನಾ ಟ್ರಾಯ್ ರಾಜಕುಮಾರ ಹೆಕ್ಟರನ ತಮ್ಮ ಡೀಫೋಬಸ್‌ನ ವೇಷ ಹಾಕಿ ಅವನನ್ನು ನಿಲ್ಲುವಂತೆ ನಂಬಿಸುತ್ತಾಳೆ. ಅಕಿಲೀಸನ ಮೊದಲ ಈಟಿ ಗುರಿ ತಪ್ಪಿ ನೆಲಕ್ಕೆ ನಾಟಿದಾಗ ಕಿತ್ತು ತಂದು ಅವನ ಕೈಗೇ ಕೊಡುತ್ತಾಳೆ. ಇದನ್ನು ಯಾರ ವಿವೇಕ ಎನ್ನುವುದು? ಪ್ಲೇಟೊ ಈ ಜಾಣತನಕ್ಕೆ ಮಣಿಯಲಿಲ್ಲ. ಒಳಾರ್ಥ ಇರಲಿ, ಇಲ್ಲದಿರಲಿ, ದೇವರ ಕಾದಾಟದ ಕಥೆಗಳು ತನ್ನ ಆದರ್ಶ ರಾಜ್ಯಕ್ಕೆ ಬೇಡ, ಎಳೆಯರಿಗೆ ಒಳಾರ್ಥ ಯಾವುದು ಎಂದು ತಿಳಿಯುವುದಿಲ್ಲ ಎಂದುಬಿಟ್ಟ.

ಅಲೆಕ್ಸಾಂಡ್ರಿಯಾದ ಗ್ರಂಥಾಲಯದ ಪಂಡಿತರದು ಬೇರೆಯೇ ದಾರಿ. ಕ್ರಿ.ಪೂ. 3ನೇ ಶತಮಾನದ ಝೆನೊಡೊಟಸ್ ಅನುಮಾನದ ಸಾಲುಗಳ ಪಕ್ಕ ಅಡ್ಡಗೀಟು ಎಳೆಯುತ್ತಿದ್ದ. ಸಾಲನ್ನು ಅಳಿಸುತ್ತಿರಲಿಲ್ಲ, ಇದು ಹೋಮರನದಲ್ಲ ಎಂಬ ಗುರುತು ಅಷ್ಟೆ. 3ನೇ ಸರ್ಗದಲ್ಲಿ ಅಫ್ರೋಡೈಟಿ ಹೆಲೆನ್‌ಳಿಗೆ ಕೂರಲು ಪೀಠ ತಂದಿಡುವ ಜಾಗಕ್ಕೂ ಗೀಟು ಬಿತ್ತು. ದೇವತೆಯಾದವಳು ಮನುಷ್ಯಳಿಗೆ ಆಸನ ಹೊರುವುದೇ? ಅವಳು ಆಗ ಉಣ್ಣೆ ಹಿಂಜುವ ಮುದುಕಿಯ ರೂಪದಲ್ಲಿದ್ದಳಲ್ಲ, ಮುದುಕಿ ಪೀಠ ತಂದರೆ ತಪ್ಪೇನು ಎಂದು ಹಳೆಯ ಟಿಪ್ಪಣಿಯೊಂದು ಉತ್ತರಿಸುತ್ತದೆ. ಟಿಪ್ಪಣಿಕಾರನ ಮಾತೇ ಸರಿ ಅನಿಸುತ್ತದೆ. ಇಂಥ ಟಿಪ್ಪಣಿಗಳನ್ನು ಹೊತ್ತ 10ನೇ ಶತಮಾನದ ಹಸ್ತಪ್ರತಿ ವೆನಿಸ್‌ನಲ್ಲಿದೆ. 1788ರಲ್ಲಿ ಫ್ರೆಂಚ್ ವಿದ್ವಾಂಸ ವಿಲ್ವಾಸೋಂ ಅದನ್ನು ಅಚ್ಚು ಹಾಕಿಸಿದ ಮೇಲೆ, 1795ರಲ್ಲಿ ಜರ್ಮನ್ ವಿದ್ವಾಂಸ ಎಫ್.ಎ. ವೂಲ್ಫ್ ಕವಿ ಒಬ್ಬನೇ ಎಂಬುದನ್ನೇ ಪ್ರಶ್ನಿಸಿದ. ಮುಂದಿನ ನೂರು ವರ್ಷ ಕಾವ್ಯವನ್ನು ಪದರ ಪದರವಾಗಿ ಬಿಡಿಸುವುದರಲ್ಲೇ ಕಳೆಯಿತು.

ದಿಕ್ಕು ಬದಲಿಸಿದವನು ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ. ಅವನ ಕೆಲಸ ನಮ್ಮ ಛಂದಸ್ಸು ಬಲ್ಲವರಿಗೆ ಬೇಗ ಹಿಡಿಸುತ್ತದೆ. ಹೋಮರನ ಸಾಲಿಗೆ ಆರು ಗಣ. ಗುರು-ಲಘು-ಲಘು ಅಥವಾ ಗುರು-ಗುರು, ಅಂದರೆ ಹೆಚ್ಚುಕಡಿಮೆ ನಾಲ್ಕು ಮಾತ್ರೆಯವು, ಕೊನೆಯದರಲ್ಲಿ ಎರಡೇ ಅಕ್ಷರ. ಸಾಲಿನ ಕೊನೆಯಲ್ಲಿ 5 ಅಕ್ಷರದ ಜಾಗ ಉಳಿದರೆ 'ದೀಯೊಸ್ ಅಖಿಲ್ಲೆಉಸ್', ತೇಜಸ್ವಿ ಅಕಿಲೀಸ್ (ಕೊನೆಯ 'ಲೆಉಸ್' ಗ್ರೀಕಿನಲ್ಲಿ ಒಂದೇ ಅಕ್ಷರ). 7 ಉಳಿದರೆ 'ಪೊದಸ್ ಓಕುಸ್ ಅಖಿಲ್ಲೆಉಸ್', ವೇಗದ ಕಾಲಿನ ಅಕಿಲೀಸ್. 8 ಉಳಿದರೆ ಎರಡೂ ಗುಣ ಕೂಡಿಸಿ 'ಪೊದಾರ್ಕೇಸ್ ದೀಯೊಸ್ ಅಖಿಲ್ಲೆಉಸ್'. ಕುಳಿತಿರುವವನನ್ನೂ ವೇಗದ ಕಾಲಿನವನೆಂದು ಕರೆಯುವುದು ಹೀಗಾಗಿ. 1928ರಲ್ಲಿ ಪ್ಯಾರಿಸ್‌ನಲ್ಲಿ ಈ ವಾದ ಮಂಡಿಸಿದ ಪ್ಯಾರಿ, 1933ರಿಂದ 1935ರವರೆಗೆ ಯುಗೊಸ್ಲಾವಿಯದಲ್ಲಿ ಗುಸ್ಲೆ ವಾದ್ಯದೊಡನೆ ಹಾಡುವ ಗಾಯಕರ ಪದಗಳನ್ನು ಧ್ವನಿಮುದ್ರಿಸಿಕೊಂಡ. ಮಹಾಕಾವ್ಯವನ್ನು ಹಾಡುತ್ತಲೇ ಕಟ್ಟುವುದು ಸಾಧ್ಯ ಎಂಬುದಕ್ಕೆ ಸಾಕ್ಷಿ ಸಿಕ್ಕಿತು. ಆದರೆ ವಿಶೇಷಣ ಯಾಕೆ ಬಂತು ಎಂಬುದನ್ನು ಈ ಸಿದ್ಧಾಂತ ಹೇಳುತ್ತದೆಯೇ ಹೊರತು, ಅಥೀನಾ ಯಾಕೆ ಬಂದಳು ಎಂಬುದನ್ನಲ್ಲ.

ಅದಕ್ಕೆ ಕೈ ಹಾಕಿದವನು ಜರ್ಮನ್ ವಿದ್ವಾಂಸ ಬ್ರೂನೊ ಸ್ನೆಲ್. ಹೋಮರನ ಗ್ರೀಕಿನಲ್ಲಿ 'ಮನಸ್ಸು' ಎಂಬ ಒಂದೇ ಪದವಿಲ್ಲ. ಥ್ಯೂಮೊಸ್, ಫ್ರೆನ್, ನೋಸ್ ಎಂದು ಹಂಚಿಹೋಗಿದೆ. ಆದ್ದರಿಂದ ಆ ವೀರರಿಗೆ ತಾವೇ ನಿರ್ಧರಿಸುವ ಕಲ್ಪನೆ ಇರಲಿಲ್ಲ, ನಿರ್ಧಾರ ದೇವರಿಂದ ಬರುತ್ತಿತ್ತು ಎಂದು 1946ರಲ್ಲಿ ವಾದಿಸಿದ. ಓದಲು ಸೊಗಸು, ನಂಬಲು ಕಷ್ಟ. ಪದ ಇಲ್ಲದಿದ್ದರೆ ಅನುಭವವೂ ಇಲ್ಲ ಎನ್ನುವುದು ಹೇಗೆ? ಅಥೀನಾ ಕಾಲಿಡುವ ಮೊದಲೇ ಅಕಿಲೀಸ್ ತೂಗಿ ನೋಡುತ್ತಿದ್ದಾನೆ. ಬಂದವಳೂ 'ನೀನು ಮಾತು ಕೇಳುವುದಾದರೆ' ಎಂದೇ ಶುರುಮಾಡುತ್ತಾಳೆ. 11ನೇ ಸರ್ಗದಲ್ಲಿ ಟ್ರಾಯ್ ಸೈನ್ಯದ ನಡುವೆ ಒಂಟಿಯಾದ ಒಡಿಸ್ಯೂಸ್ ಓಡಲೋ ನಿಲ್ಲಲೋ ಎಂದು ತನ್ನೊಳಗೇ ಮಾತಾಡಿಕೊಂಡು ನಿಲ್ಲುತ್ತಾನೆ. ಆಗ ಯಾವ ದೇವರೂ ಬರುವುದಿಲ್ಲ.

1961ರಲ್ಲಿ ಆಸ್ಟ್ರಿಯಾದ ವಿದ್ವಾಂಸ ಆಲ್ಬಿನ್ ಲೆಸ್ಕಿ ಹೇಳಿದ್ದು ಪಠ್ಯಕ್ಕೆ ಹತ್ತಿರ: ಒಂದೇ ಕೆಲಸಕ್ಕೆ ಎರಡು ಪ್ರೇರಣೆ, ದೇವರದೂ ಮನುಷ್ಯನದೂ, ಒಂದು ಇನ್ನೊಂದನ್ನು ಕಡಿಮೆ ಮಾಡುವುದಿಲ್ಲ. ಅಕಿಲೀಸನ ಆಪ್ತ ಗೆಳೆಯ ಪ್ಯಾಟ್ರೋಕ್ಲಸ್‌ನ ಸಾವನ್ನು ನೋಡಿ. ಲೆಟೊ ದೇವತೆಯ ಮಗ ಅಪೊಲೊ ಅಂಗೈಯಿಂದ ಬೆನ್ನಿಗೆ ಹೊಡೆದು ಶಿರಸ್ತ್ರಾಣ ಉರುಳಿಸುತ್ತಾನೆ, ಈಟಿ ಚೂರಾಗುತ್ತದೆ, ಎದೆಕವಚ ಕಳಚುತ್ತದೆ. ಟ್ರಾಯ್‌ನ ಯೂಫೋರ್ಬಸ್ ಹಿಂದಿನಿಂದ ಚುಚ್ಚುತ್ತಾನೆ. ಆಮೇಲೆ ಹೆಕ್ಟರನ ಈಟಿ. 'ನನ್ನನ್ನು ಕೊಂದದ್ದು ವಿಧಿ ಮತ್ತು ಲೆಟೊಳ ಮಗ, ಮನುಷ್ಯರಲ್ಲಿ ಯೂಫೋರ್ಬಸ್, ನೀನು ಮೂರನೆಯವನು' ಎಂದು ಸಾಯುವವನೇ ಹೆಕ್ಟರನಿಗೆ ಲೆಕ್ಕ ಒಪ್ಪಿಸುತ್ತಾನೆ. ಆದರೂ ಅಕಿಲೀಸ್ ಸೇಡಿಗೆ ಹುಡುಕುವುದು ಹೆಕ್ಟರನನ್ನೇ.

ಅಗಮೆಮ್ನಾನ್‌ನ ಮಾತು ಇನ್ನೂ ಬಿಚ್ಚು. 'ತಪ್ಪು ನನ್ನದಲ್ಲ, ದೇವರಾಜ ಜ್ಯೂಸ್, ವಿಧಿ, ಕತ್ತಲಲ್ಲಿ ನಡೆಯುವ ಸೇಡಿನ ದೇವತೆ ಎರಿನಿಸ್ ಸೇರಿ ನನಗೆ ಮಂಕು ಕವಿಸಿದರು' ಎಂದು 19ನೇ ಸರ್ಗದಲ್ಲಿ ಹೇಳುತ್ತಾನೆ. ನುಣುಚಿಕೊಂಡ ಎನ್ನುವಷ್ಟರಲ್ಲಿ, ನನಗೆ ಮಂಕು ಕವಿಯಿತು, ಜ್ಯೂಸ್ ಬುದ್ಧಿ ಕಸಿದ, ಆದ್ದರಿಂದ ದಂಡ ತೆರುತ್ತೇನೆ ಎನ್ನುತ್ತಾನೆ. ಕಾರಣ ಜ್ಯೂಸ್, ದಂಡ ಕಟ್ಟುವವನು ಇವನು. ದಂಡವೂ ಸಣ್ಣದಲ್ಲ: 7 ಮುಕ್ಕಾಲಿ, 20 ಕೊಪ್ಪರಿಗೆ, 12 ಕುದುರೆ, 10 ಟ್ಯಾಲೆಂಟ್ (ಹಳೆಯ ತೂಕದ ಅಳತೆ) ಚಿನ್ನ, ಕಸುಬು ಬಲ್ಲ 7 ಹೆಂಗಸರು, ಎಂಟನೆಯವಳಾಗಿ ಬ್ರಿಸೆಯಿಸ್. ಅಥೀನಾ ಹೇಳಿದ ಕಾಣಿಕೆ ಬಂದು ತಲುಪುವುದು ಹೀಗೆ.

ಅವಳು ಯಾವಾಗಲೂ ತಡೆಯುವವಳೇ ಎಂದುಕೊಳ್ಳಬಾರದು. ಸೊಫೊಕ್ಲೀಸನ ನಾಟಕದಲ್ಲಿ ಅವಳೇ ಗ್ರೀಕ್ ವೀರ ಅಯಾಸ್‌ನಿಗೆ ಮಂಕು ಕವಿಸುತ್ತಾಳೆ. ಅವನು ದನಕುರಿಗಳನ್ನು ವೈರಿಗಳೆಂದು ಕಡಿದು ಹಾಕುತ್ತಾನೆ. ಆ ಅಯಾಸ್‌ನನ್ನೇ ಬಿ.ಎಂ.ಶ್ರೀ ಕನ್ನಡಕ್ಕೆ 'ಅಶ್ವತ್ಥಾಮನ್' ಆಗಿ ತಂದರು.

ಹೋಮರನ ಇನ್ನೊಂದು ಮಹಾಕಾವ್ಯ ಒಡಿಸ್ಸಿ ಶುರುವಾಗುವುದು ಇದೇ ತಕರಾರಿನಿಂದ, ಈ ಸಲ ದೂರು ಕೊಡುವವನು ಜ್ಯೂಸ್. ಮನುಷ್ಯರು ಎಲ್ಲ ಕೇಡಿಗೂ ನಮ್ಮನ್ನೇ ದೂರುತ್ತಾರೆ, ತಮ್ಮ ಹುಚ್ಚಾಟದಿಂದ ಪಾಲಿಗಿಂತ ಹೆಚ್ಚು ನೋವು ತಂದುಕೊಳ್ಳುವವರು ಅವರೇ ಎನ್ನುತ್ತಾನೆ. ಅವನು ಕೊಡುವ ಉದಾಹರಣೆ ಈಜಿಸ್ತಸ್: ಅಗಮೆಮ್ನಾನ್‌ನನ್ನು ಕೊಲ್ಲಬೇಡ, ಅವನ ಹೆಂಡತಿಯ ಹಿಂದೆ ಬೀಳಬೇಡ, ಮಗ ಒರೆಸ್ಟೀಸ್ ಬೆಳೆದು ಸೇಡು ತೀರಿಸುತ್ತಾನೆ ಎಂದು ದೇವದೂತ ಹರ್ಮೀಸ್‌ನನ್ನೇ ಕಳಿಸಿ ಹೇಳಿಸಿದ್ದರಂತೆ. ಅವನು ಕೇಳಲಿಲ್ಲ.