ಕೈಯಲ್ಲಿ ಕುಶಲ, ಕಾಗದದಲ್ಲಿ ಅರೆಕುಶಲ: ವೇತನ ಶ್ರೇಣಿಯ ತಕರಾರು ಬೆಳೆದು ಬಂದ ದಾರಿ

ಪುಣೆಯ ಖಡಕಿ, ದಾಪೋಡಿ, ದೇಹು ರೋಡ್ ಕಡೆಯ ಕನ್ನಡ ಮನೆಗಳಲ್ಲಿ ಈಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಕೇಂದ್ರ ನೌಕರರ ಎಂಟನೇ ವೇತನ ಆಯೋಗ ಎಷ್ಟು ಕೊಡುತ್ತದೆ? ಅದಕ್ಕಿಂತ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆಯಿದೆ. ನಮ್ಮ ಹುದ್ದೆಯನ್ನು ಕೂರಿಸಿರುವ ಮೆಟ್ಟಿಲು ಸರಿಯಿದೆಯೇ? ಏಳನೇ ಆಯೋಗ ಹಳೆಯ ಸಂಬಳವನ್ನು 2.57ರಿಂದ ಗುಣಿಸಿತು. ಮೆಟ್ಟಿಲು ತಪ್ಪಿದ್ದವರ ನಷ್ಟವೂ ಅದೇ ಲೆಕ್ಕದಲ್ಲಿ ಬೆಳೆಯಿತು.

1947ರ ಮೊದಲ ಆಯೋಗದ ಕನಿಷ್ಠ 55 ರೂಪಾಯಿಯಿಂದ 2016ರ 18,000 ರೂಪಾಯಿಯವರೆಗೆ ಹೆಸರುಗಳು ಬದಲಾಗುತ್ತ ಬಂದಿವೆ. ಕ್ಲಾಸ್ ಹೋಗಿ ಗ್ರೂಪ್ ಬಂತು, ಶ್ರೇಣಿ ಹೋಗಿ ಗ್ರೇಡ್ ಪೇ ಬಂತು, ಅದೂ ಹೋಗಿ ಲೆವೆಲ್ ಬಂತು. ತಕರಾರು ಮಾತ್ರ ಹಳೆಯದೇ.

ಅದನ್ನು ನಾನು ಹತ್ತಿರದಿಂದ ಕಂಡದ್ದು ಎಂಬತ್ತರ ದಶಕದಲ್ಲಿ. ಮೂರನೇ ಆಯೋಗದ ಸಲಹೆಯಂತೆ ರಕ್ಷಣಾ ಇಲಾಖೆಯ ಕಾರ್ಮಿಕರ ಕೆಲಸವನ್ನು ಅಳೆಯಲು ತಜ್ಞ ವರ್ಗೀಕರಣ ಸಮಿತಿಯೊಂದು ಬಂತು. ಕೆಲಸಕ್ಕೆ ಬೇಕಾದ ಕೌಶಲ, ಶ್ರಮ, ಹೊಣೆ ಇವನ್ನೆಲ್ಲ ಅಂಕಗಳಲ್ಲಿ ತೂಗಿದರು. 1981ರ ಅಕ್ಟೋಬರ್ 16ರ ಆದೇಶದಲ್ಲಿ ಎಲ್ಲರನ್ನೂ ಐದು ಶ್ರೇಣಿಗಳಿಗೆ ಹೊಂದಿಸಿದರು. ಕುಶಲರಲ್ಲದವರಿಗೆ ತಿಂಗಳಿಗೆ 196–232 ರೂಪಾಯಿ, ಅರೆಕುಶಲರಿಗೆ 210–290, ಕುಶಲರಿಗೆ 260–400, ಅದರ ಮೇಲೆ ಅತಿಕುಶಲರಿಗೆ ಎರಡು ಶ್ರೇಣಿ.

ನನ್ನ ಅಪ್ಪ ಬಿಜಾಪುರದ ಕಡೆಯಿಂದ ಬಂದು ಪುಣೆಯ ಒಂದು ರಕ್ಷಣಾ ಸಂಸ್ಥೆಯಲ್ಲಿ ಬಡಗಿಯಾಗಿದ್ದರು. ಅವರು ಬಿದ್ದದ್ದು 210ರ ಸಾಲಿಗೆ. ‘ಬಾಗ್ಲಾ ಕೂಡ್ಸೂದು, ಖಿಡಕಿ ಹೊಂದ್ಸೂದು ಎಲ್ಲಾ ನಾನ. ಕಾಗದದಾಗ ಮಾತ್ರ ಅರ್ಧಾ ಬಡಿಗ್ಯಾ’ ಎನ್ನುತ್ತಿದ್ದರು. ಪಕ್ಕದ ಬೆಂಚಿನ ಇನ್ನೊಂದು ಕಸುಬಿನವರು ಅದೇ ದಿನದಿಂದ 260ಕ್ಕೆ ಏರಿದ್ದರು. ತಾರತಮ್ಯ ನೋಡಲು ಮತ್ತೊಂದು ಸಮಿತಿ ಬಂದು, 1984ರ ಅಕ್ಟೋಬರ್ 15ರ ಆದೇಶದಿಂದ ಅಪ್ಪನಂಥವರೂ ಕುಶಲರಾದರು. ಆದರೆ ಅಂದಿನಿಂದ ಮುಂದಕ್ಕೆ ಮಾತ್ರ. ಹಿಂದಿನ ಮೂರು ವರ್ಷ ಅವರ ಉಳಿ ಬೇರೆಯಾಗಿತ್ತೇ, ಕೈ ಬೇರೆಯಾಗಿತ್ತೇ? ಮಿಲಿಟರಿ ಎಂಜಿನಿಯರ್ ಸರ್ವಿಸಸ್‌ನ ಕಾರ್ಮಿಕರು ಇದೇ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 1989ರ ಭಗವಾನ್ ಸಹಾಯ್ ಪ್ರಕರಣದಲ್ಲಿ ಅವರಿಗೆ 1981ರಿಂದಲೇ ಕುಶಲ ಶ್ರೇಣಿ ಸಿಕ್ಕಿತು.

ಅಪ್ಪನ ಕಚೇರಿ ಮಾತ್ರ ‘ಆ ತೀರ್ಪು ಅರ್ಜಿದಾರರಿಗಷ್ಟೇ’ ಎಂದಿತು. ಅವರು ಏಳು ಜನರೊಂದಿಗೆ ಸೇರಿ ಕೇಂದ್ರ ಆಡಳಿತ ನ್ಯಾಯಮಂಡಳಿಗೆ, ಎಲ್ಲರೂ ಕ್ಯಾಟ್ ಎನ್ನುವ ಕಡೆಗೆ, ಹೋದರು. ವಿಚಾರಣೆಯ ದಿನ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಮುಂಬೈಗೆ ಡೆಕ್ಕನ್ ಕ್ವೀನ್ ರೈಲು ಹಿಡಿಯುವುದು, ಮುಂದಿನ ತಾರೀಖು ಬರೆದುಕೊಂಡು ರಾತ್ರಿ ಬರುವುದು. ಕೊನೆಗೆ ಬಾಕಿ ಬಂತು. ಒಬ್ಬರು ಗೆದ್ದದ್ದನ್ನು ಅದೇ ಕೆಲಸ ಮಾಡುವ ಇನ್ನೊಬ್ಬರು ಮತ್ತೆ ಮೊದಲಿಂದ ಗೆಲ್ಲಬೇಕಾದ ಈ ಪದ್ಧತಿ ನನಗೆ ಇವತ್ತಿಗೂ ನ್ಯಾಯವೆನಿಸುವುದಿಲ್ಲ.

ನ್ಯಾಯಾಲಯಗಳ ನಿಲುವೂ ಒಂದೇ ಕಡೆ ನಿಂತಿಲ್ಲ. 1982ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ದೆಹಲಿ ಪೊಲೀಸ್ ಇಲಾಖೆಯ ಚಾಲಕ ರಣಧೀರ್ ಸಿಂಗ್ ಪ್ರಕರಣ ಸಮಾನ ಕೆಲಸಕ್ಕೆ ಸಮಾನ ವೇತನ ಎಂಬ ಬಾಗಿಲು ತೆರೆಯಿತು. ಆರು ವರ್ಷದ ನಂತರ ಚೌರಾಸಿಯಾ ಪ್ರಕರಣದಲ್ಲಿ, ಹುದ್ದೆಗಳನ್ನು ಹೋಲಿಸಿ ತೂಗುವುದು ಆಯೋಗದಂಥ ತಜ್ಞರ ಕೆಲಸ ಎಂದು ಅದೇ ಕೋರ್ಟು ಹೇಳಿತು. ಹಾಗಾಗಿ ‘ನನ್ನ ಹುದ್ದೆಯ ಶ್ರೇಣಿಯೇ ಕಡಿಮೆ’ ಎಂಬ ವಾದಕ್ಕೆ ಕ್ಯಾಟ್‌ನಲ್ಲಿ ದಾರಿ ಇಕ್ಕಟ್ಟು. ಅದನ್ನು ಆಯೋಗದ ಮುಂದೆ, ಆಮೇಲೆ ವೇತನದ ತಾರತಮ್ಯ ನೋಡಲು ರಚನೆಯಾಗುವ ಅನಾಮಲಿ ಸಮಿತಿಯ ಮುಂದೆ, ಸರ್ಕಾರವೂ ನೌಕರರ ಸಂಘಗಳೂ ಕೂತು ಮಾತಾಡುವ, 1966ರಿಂದಿರುವ ಜಂಟಿ ಸಮಾಲೋಚನಾ ವ್ಯವಸ್ಥೆಯಲ್ಲಿ ಸಂಘದ ಮೂಲಕ ಇಡಬೇಕು. ಅಲ್ಲಿ ಮಾತು ಮುರಿದರೆ ಒಂದು ವರ್ಗದ ವೇತನದ ವಿಷಯ ಮಧ್ಯಸ್ಥಿಕೆ (ಆರ್ಬಿಟ್ರೇಶನ್) ಮಂಡಳಿಗೆ ಹೋಗಬಹುದು. ಒಬ್ಬೊಬ್ಬರ ವೈಯಕ್ತಿಕ ದೂರು ಅಲ್ಲಿಗೆ ಹೋಗುವುದಿಲ್ಲ.

ಶ್ರೇಣಿ ಸರಿಯಿದ್ದು ಅದರೊಳಗೆ ಸಂಬಳ ತಪ್ಪಾಗಿ ನಿಗದಿಯಾಗಿದ್ದರೆ ದಾರಿ ಬೇರೆ, ಮತ್ತು ಸುಲಭ. ಮೊದಲು ಕಚೇರಿಯ ಮುಖ್ಯಸ್ಥರಿಗೆ ಲಿಖಿತ ಮನವಿ, ಕೈಯಲ್ಲಿ ಸ್ವೀಕೃತಿ. ಸಂಬಳಕ್ಕೆ ಹಾನಿಯಾಗುವ ಆದೇಶ ಬಂದರೆ ಕೇಂದ್ರ ನೌಕರರ ಶಿಸ್ತು, ಮೇಲ್ಮನವಿಗೆ ಸಂಬಂಧಿಸಿದ 1965ರ ಸಿಸಿಎ ನಿಯಮಗಳ ಪ್ರಕಾರ 45 ದಿನದೊಳಗೆ ಮೇಲ್ಮನವಿ. ಆರು ತಿಂಗಳು ಉತ್ತರವೇ ಬಾರದಿದ್ದರೆ, ಅಲ್ಲಿಂದ ಒಂದು ವರ್ಷದೊಳಗೆ ಕ್ಯಾಟ್. ಬಹಳ ಜನ ಎಡವುವುದು ಇಲ್ಲೇ. ‘ಇನ್ನೊಂದು ಮನವಿ ಕೊಡೋಣ’ ಎಂದು ವರ್ಷಗಟ್ಟಲೆ ಬರೆಯುತ್ತಾರೆ. ಮತ್ತೆ ಮತ್ತೆ ಬರೆದರೆ ಗಡುವು ಮುಂದೆ ಹೋಗುವುದಿಲ್ಲ ಎಂದು ಎಸ್.ಎಸ್. ರಾಥೋಡ್ ಪ್ರಕರಣ 1989ರಲ್ಲೇ ಹೇಳಿದೆ.

ತಡಮಾಡಿದವರಿಗೂ ಸ್ವಲ್ಪ ಉಸಿರಿದೆ. ತಪ್ಪು ನಿಗದಿಯಾದ ಸಂಬಳ ಕೈಗೆ ಬಂದಾಗಲೆಲ್ಲ ಹೊಸದಾಗಿ ದೂರು ಹುಟ್ಟುತ್ತದೆ ಎಂದು 1995ರ ಎಂ.ಆರ್. ಗುಪ್ತಾ ತೀರ್ಪು ಒಪ್ಪಿತು. 2008ರ ತರ್ಸೇಮ್ ಸಿಂಗ್ ತೀರ್ಪಿನ ನಂತರ ಬಾಕಿ ಮಾತ್ರ ಸಾಮಾನ್ಯವಾಗಿ ಹಿಂದಿನ ಮೂರು ವರ್ಷಕ್ಕೆ ನಿಲ್ಲುತ್ತದೆ. ಕೆದಕಿದರೆ ಕೊಟ್ಟದ್ದನ್ನೂ ಕಿತ್ತುಕೊಂಡಾರು ಎಂಬ ಹೆದರಿಕೆಗೆ 2014ರ ರಫೀಕ್ ಮಸೀಹ್ ತೀರ್ಪು ಉತ್ತರ: ನೌಕರರ ತಪ್ಪಿಲ್ಲದೆ ಹೆಚ್ಚಾಗಿ ಪಾವತಿಯಾದದ್ದನ್ನು ಗ್ರೂಪ್ ಸಿ, ಡಿ ನೌಕರರಿಂದ, ನಿವೃತ್ತರಿಂದ ವಸೂಲು ಮಾಡುವಂತಿಲ್ಲ.

ಮಹಾರಾಷ್ಟ್ರ ಸರ್ಕಾರದ ನೌಕರರಿಗೆ 1991ರಿಂದ ಬೇರೆಯೇ ನ್ಯಾಯಮಂಡಳಿ ಇದೆ. ಗೋವಾ ಸರ್ಕಾರದ ನೌಕರರು ಪರ್ವರಿಯ ಹೈಕೋರ್ಟ್ ಪೀಠಕ್ಕೆ ಹೋಗುತ್ತಾರೆ. ಗೋವಾದಲ್ಲಿರುವ ಕೇಂದ್ರ ನೌಕರರು ಮಾತ್ರ ಮುಂಬೈ ಕ್ಯಾಟ್‌ನ ವ್ಯಾಪ್ತಿಗೇ ಬರುತ್ತಾರೆ.

ನೌಕರಿಯ ವಿವರ ಬರೆದಿಡುವ ಸರ್ವಿಸ್ ಬುಕ್ಕನ್ನು ವರ್ಷಕ್ಕೊಮ್ಮೆ ನೌಕರರಿಗೆ ತೋರಿಸಿ ಸಹಿ ಪಡೆಯಬೇಕೆಂಬ ನಿಯಮವಿದೆ. ಅಪ್ಪ ಆ ಮೂರು ವರ್ಷವೂ ‘ಅರೆಕುಶಲ’ ಎಂಬ ನಮೂದಿನ ಕೆಳಗೆ ಓದದೆ ಸಹಿ ಹಾಕಿದ್ದರು, ಏಕೆಂದರೆ ಗುಮಾಸ್ತರು ಬೆರಳಿಟ್ಟು ತೋರಿಸಿದ್ದು ಸಹಿಯ ಜಾಗ ಮಾತ್ರ. 2025ರಲ್ಲಿ ರಚನೆಯಾದ, ನ್ಯಾಯಮೂರ್ತಿ ರಂಜನಾ ದೇಸಾಯಿ ಅಧ್ಯಕ್ಷತೆಯ ಎಂಟನೇ ಆಯೋಗಕ್ಕೆ ವರದಿ ಕೊಡಲು 18 ತಿಂಗಳ ಕಾಲಾವಕಾಶವಿದೆ. ಪುಸ್ತಕದಲ್ಲಿ ಬರೆದ ಕೆಲಸಕ್ಕೂ ಕೈ ಮಾಡುವ ಕೆಲಸಕ್ಕೂ ಅಂತರ ಇರುವವರು ಅದನ್ನು ಸಂಘದ ಮೂಲಕ ಬರೆದು ತಲುಪಿಸಬೇಕಾದದ್ದು ಆ ವರದಿ ಬರುವ ಮೊದಲೇ.