ಹಿಟ್ಟು ಅವರವರ ಮನೆಯಲ್ಲೇ, ಒರಳು ಮಾತ್ರ ಊರೂರಿಗೆ

ಪೀಣ್ಯದ ಒಂದು ಕಾರ್ಖಾನೆ ಸರ್ಕಾರದ ವಾರ್ಷಿಕ ಕೈಗಾರಿಕಾ ಸಮೀಕ್ಷೆಗೆ ಆಯ್ಕೆಯಾಯಿತು ಎಂದುಕೊಳ್ಳಿ. ಕೆಲಸಗಾರರು ಎಷ್ಟು, ಸಂಬಳ ಎಷ್ಟು, ಕರೆಂಟಿಗೆ ಎಷ್ಟು, ಯಂತ್ರಗಳ ಬೆಲೆ ಎಷ್ಟು, ತಯಾರಾದ ಮಾಲು ಎಷ್ಟು, ಎಲ್ಲವನ್ನೂ ಬರೆದು ಕೊಡಬೇಕು. ಪಕ್ಕದ ಶೆಡ್ಡಿನವರಿಗೂ ಹೇಳದ ಲೆಕ್ಕ ಇದು. ಹೊರಗೆ ಹೋಗುವುದಿಲ್ಲ ಎಂಬ ಭರವಸೆಯ ಮೇಲೆ ಮಾಲೀಕರು ಕೊಡುತ್ತಾರೆ. ಜರ್ಮನಿಯಲ್ಲೂ ಫಿನ್ಲೆಂಡಿನಲ್ಲೂ ಇದೇ ಭರವಸೆ. ಅಮೆರಿಕದಲ್ಲಿ ಇಂಥ ಲೆಕ್ಕ ಕೂಡಿಸುವ ಸರ್ಕಾರಿ ಕಚೇರಿಯಾದ ಸೆನ್ಸಸ್ ಬ್ಯೂರೋದಲ್ಲಿ ಇದನ್ನು ಮುರಿದವರಿಗೆ 5 ವರ್ಷದವರೆಗೆ ಜೈಲು, 2,50,000 ಡಾಲರ್‌ವರೆಗೆ ದಂಡ.

ಆದರೆ ಅಷ್ಟೇ ಜನ, ಅಷ್ಟೇ ಯಂತ್ರ ಇದ್ದರೂ ಒಂದು ದೇಶದ ಕಾರ್ಖಾನೆ ಇನ್ನೊಂದು ದೇಶದ್ದಕ್ಕಿಂತ ಜಾಸ್ತಿ ತಯಾರಿಸುವುದು ಯಾಕೆ? ಇದು ತಿಳಿಯಬೇಕಾದರೆ ಎರಡೂ ಲೆಕ್ಕಗಳನ್ನು ಅಕ್ಕಪಕ್ಕ ಇಟ್ಟು ನೋಡಬೇಕು, ಅಲ್ವಾ? ಭರವಸೆ ಉಳಿಯಬೇಕು, ಹೋಲಿಕೆಯೂ ಆಗಬೇಕು. ಅರ್ಥಶಾಸ್ತ್ರಜ್ಞರು ಸಿಕ್ಕಿಬಿದ್ದದ್ದು ಈ ಇಕ್ಕಟ್ಟಿನಲ್ಲಿ.

ಮೊದಮೊದಲು ಈ ತೊಂದರೆ ಇರಲಿಲ್ಲ. 1957ರಲ್ಲಿ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ ಉತ್ಪಾದಕತೆ, ಅಂದರೆ ಇದ್ದ ಜನ, ಯಂತ್ರಗಳಿಂದ ಎಷ್ಟು ಮಾಲು ಹೊರಡುತ್ತದೆ ಎಂಬುದನ್ನು, ಅಳೆದಾಗ ಇಡೀ ಅಮೆರಿಕವನ್ನು ಒಂದೇ ದೊಡ್ಡ ಕಾರ್ಖಾನೆಯಂತೆ ನೋಡಿದರು. ದೇಶದ ಒಟ್ಟು ಲೆಕ್ಕ ಸಾಕಾಗಿತ್ತು. 1982ರಲ್ಲಿ ಸೆನ್ಸಸ್ ಬ್ಯೂರೋ ಒಳಗೇ ಒಂದು ಸಂಶೋಧನಾ ಕೇಂದ್ರ ಶುರುವಾಯಿತು. ಅಲ್ಲಿ ಒಂದೊಂದು ಕಾರ್ಖಾನೆಯ ಲೆಕ್ಕವನ್ನೂ ವರ್ಷದಿಂದ ವರ್ಷಕ್ಕೆ ಜೋಡಿಸಿದರು. ಆಗ ಕಂಡದ್ದು ಎಲ್ಲರನ್ನೂ ಬೆರಗುಗೊಳಿಸಿತು. ಒಂದೇ ಸರಕು ತಯಾರಿಸುವ ಅಮೆರಿಕದ ಕಾರ್ಖಾನೆಗಳಲ್ಲೇ ಮುಂದಿನ ಸಾಲಿನವು ಹಿಂದಿನ ಸಾಲಿನವಕ್ಕಿಂತ ಸುಮಾರು ಎರಡು ಪಟ್ಟು ಉತ್ಪಾದಕವಾಗಿದ್ದವು. ಸರಾಸರಿ ಇದನ್ನೆಲ್ಲ ಮುಚ್ಚಿಟ್ಟಿತ್ತು.

ಬೇರೆ ದೇಶಗಳಲ್ಲೂ ಹೀಗೇ ಇದೆಯಾ ಎಂಬ ಪ್ರಶ್ನೆ ಎದ್ದಾಗ ಕಾನೂನು ಅಡ್ಡ ಬಂತು. ಎರಿಕ್ ಬಾರ್ಟೆಲ್ಸ್‌ಮನ್, ಜಾನ್ ಹಾಲ್ಟಿವಾಂಗರ್, ಸ್ಟೆಫಾನೊ ಸ್ಕಾರ್ಪೆಟ್ಟಾ ಎಂಬ ಅರ್ಥಶಾಸ್ತ್ರಜ್ಞರು ಒಂದು ದಾರಿ ತೋರಿಸಿದರು. ನಮ್ಮ ಕೇರಿಗಳಲ್ಲಿ ಒಂದೇ ಚಕ್ಕುಲಿ ಒರಳು ಮನೆಯಿಂದ ಮನೆಗೆ ಹೋಗುತ್ತದಲ್ಲ, ಹಾಗೆ. ಹಿಟ್ಟು ಯಾರ ಮನೆಯಿಂದಲೂ ಹೊರಗೆ ಬರುವುದಿಲ್ಲ. ಲೆಕ್ಕ ಮಾಡುವ ಕಂಪ್ಯೂಟರ್ ಪ್ರೋಗ್ರಾಂ ಒಂದೇ. ಅದನ್ನು ಪ್ರತಿ ದೇಶಕ್ಕೂ ಕಳಿಸುವುದು. ಅಲ್ಲಿನವರು ತಮ್ಮ ಕಚೇರಿಯೊಳಗೆ ಅದನ್ನು ನಡೆಸಿ ಸರಾಸರಿ, ಹರವು, ಬೆಳವಣಿಗೆ ದರದಂಥ ಒಟ್ಟು ಸಂಖ್ಯೆಗಳನ್ನಷ್ಟೇ ವಾಪಸ್ ಕೊಡುವುದು. ಒಇಸಿಡಿ ಎಂಬ, ಬಹುಪಾಲು ಶ್ರೀಮಂತ ದೇಶಗಳ ಕೂಟದಿಂದ ಶುರುವಾದ ಈ ಕೆಲಸ ವಿಶ್ವಬ್ಯಾಂಕ್ ಕೈಜೋಡಿಸಿದ ಮೇಲೆ 20ಕ್ಕೂ ಹೆಚ್ಚು ದೇಶಗಳಿಗೆ ಹಬ್ಬಿತು.

ಅದರಿಂದ ತಿಳಿದ ಒಂದು ವಿಷಯ ನನಗೆ ಇಂದಿಗೂ ಮುಖ್ಯ ಅನಿಸುತ್ತದೆ. ಯುರೋಪಿನಲ್ಲಿ ಹೊಸ ಕಂಪನಿಗಳು ಹುಟ್ಟುವುದು ಕಡಿಮೆ ಎಂದು ಹೇಳುವವರಿದ್ದರು. ಆದರೆ ಲೆಕ್ಕ ನೋಡಿದರೆ ಕಂಪನಿಗಳ ಹುಟ್ಟು, ಸಾವು ಎರಡೂ ಹೆಚ್ಚುಕಡಿಮೆ ಅಮೆರಿಕದಷ್ಟೇ ಇದ್ದವು. ವ್ಯತ್ಯಾಸ ಇದ್ದದ್ದು ಹುಟ್ಟಿದ ಮೇಲೆ. ಅಮೆರಿಕದಲ್ಲಿ ಉಳಿದುಕೊಂಡವು ಬೇಗ ಬೆಳೆಯುತ್ತಿದ್ದವು, ಯುರೋಪಿನಲ್ಲಿ ಸಣ್ಣದಾಗಿಯೇ ಉಳಿಯುತ್ತಿದ್ದವು. ಕಾಯಿಲೆ ಎಲ್ಲಿದೆ ಎಂಬುದೇ ಬದಲಾಯಿತು. ಮುಂದೆ 2012ರಲ್ಲಿ ಯುರೋಪಿನ ಕೇಂದ್ರ ಬ್ಯಾಂಕುಗಳು ಸೇರಿ ಇದೇ ರೀತಿಯಲ್ಲಿ ಲೆಕ್ಕ ಕೂಡಿಸುವ ಕಾಂಪ್‌ನೆಟ್ ಎಂಬ ಜಾಲ ಕಟ್ಟಿದವು. ಈಗ ಅದರ ನೆಲೆ ಜರ್ಮನಿಯ ಹಾಲೆ ನಗರದ ಆರ್ಥಿಕ ಸಂಶೋಧನಾ ಸಂಸ್ಥೆ.

ಒಟ್ಟು ಸಂಖ್ಯೆ ಕೊಟ್ಟರೂ ಗುಟ್ಟು ಸೋರಬಹುದು. ನೋಕಿಯಾ ಉಚ್ಛ್ರಾಯದಲ್ಲಿದ್ದಾಗ ಫಿನ್ಲೆಂಡಿನ ದೂರಸಂಪರ್ಕ ಉಪಕರಣಗಳ ಒಟ್ಟು ಲೆಕ್ಕ ಹೇಳುವುದೆಂದರೆ ಬಹುಪಾಲು ನೋಕಿಯಾದ ಲೆಕ್ಕ ಹೇಳಿದಂತೆಯೇ. ಅದಕ್ಕೇ ಒಂದು ಗುಂಪಿನಲ್ಲಿ ಕಂಪನಿಗಳು ತೀರಾ ಕಡಿಮೆ ಇದ್ದರೆ, ಅಥವಾ ಒಂದೇ ಕಂಪನಿ ಬಹುಪಾಲು ಇದ್ದರೆ, ಆ ಸಂಖ್ಯೆಯನ್ನು ಅಳಿಸಿಬಿಡುತ್ತಾರೆ. ಇನ್ನು ಕೆಲವು ದೇಶಗಳ ಲೆಕ್ಕದಲ್ಲಿ 20 ಜನರಿಗಿಂತ ಕಡಿಮೆ ಇರುವ ಕಂಪನಿಗಳು ಸರಿಯಾಗಿ ಬರುವುದೇ ಇಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ತೊಡಕು ಬೇರೆಯದು, ಮತ್ತು ಅದು ನಮ್ಮ ದೇಶಕ್ಕೇ ತಗುಲಿದ್ದು. 2009ರಲ್ಲಿ ಚಾಂಗ್-ತಾಯ್ ಶೇ ಮತ್ತು ಪೀಟರ್ ಕ್ಲೆನೋ ಎಂಬ ಅರ್ಥಶಾಸ್ತ್ರಜ್ಞರು ಭಾರತ, ಚೀನಾ, ಅಮೆರಿಕದ ಕಾರ್ಖಾನೆಗಳನ್ನು ಹೋಲಿಸಿದರು. ಭಾರತದ ಲೆಕ್ಕ ಬಂದದ್ದು ಇದೇ ವಾರ್ಷಿಕ ಕೈಗಾರಿಕಾ ಸಮೀಕ್ಷೆಯಿಂದ. ಬಂಡವಾಳ ಮತ್ತು ಕೆಲಸಗಾರರು ಕಾರ್ಖಾನೆಗಳ ನಡುವೆ ಅಮೆರಿಕದಲ್ಲಿ ಹಂಚಿಹೋದಂತೆ ಇಲ್ಲೂ ಹಂಚಿಹೋದರೆ ಭಾರತದ ಕಾರ್ಖಾನೆಗಳ ಉತ್ಪಾದಕತೆ 40ರಿಂದ 60% ಏರುತ್ತದೆ ಎಂದರು. ಆ ಸಂಖ್ಯೆ ಎಲ್ಲೆಡೆ ಹರಡಿತು. ಆಮೇಲೆ ಮಾರ್ಟಿನ್ ರೋಟೆಂಬರ್ಗ್ ಮತ್ತು ಕಿರ್ಕ್ ವೈಟ್ ಎಂಬ ಇನ್ನಿಬ್ಬರು ಅರ್ಥಶಾಸ್ತ್ರಜ್ಞರು ಒಂದು ಸರಳ ವಿಷಯ ಗಮನಿಸಿದರು. ಅಮೆರಿಕದ ಬ್ಯೂರೋ ತನ್ನ ಲೆಕ್ಕವನ್ನು ಚೆನ್ನಾಗಿ ಜರಡಿ ಹಿಡಿದು ಕೊಡುತ್ತದೆ. ಹೊಂದದ ಸಂಖ್ಯೆಗಳನ್ನು ತಿದ್ದುತ್ತದೆ, ಬಿಟ್ಟುಹೋದವನ್ನು ಅಂದಾಜಿನಿಂದ ತುಂಬುತ್ತದೆ. ಭಾರತದ ಲೆಕ್ಕಕ್ಕೆ ಅಷ್ಟು ಜರಡಿ ಇರಲಿಲ್ಲ. ಎರಡಕ್ಕೂ ಒಂದೇ ಜರಡಿ ಹಿಡಿದಾಗ ಆ ಅಂತರದ ಚಿತ್ರವೇ ತುಂಬಾ ಬದಲಾಯಿತು. ನಮ್ಮ ಕಾರ್ಖಾನೆಗಳ ದೋಷ ಎಂದುಕೊಂಡದ್ದರಲ್ಲಿ ಒಂದಷ್ಟು ಲೆಕ್ಕ ತಿದ್ದುವ ಪದ್ಧತಿಯ ವ್ಯತ್ಯಾಸವಾಗಿತ್ತು.

ಭಾರತದ ಮಟ್ಟಿಗೆ ಇನ್ನೊಂದು ಮಾತು. ಈ ಸಮೀಕ್ಷೆಯ ಕಾರ್ಖಾನೆವಾರು ಲೆಕ್ಕ, ಹೆಸರು ತೆಗೆದು, ಸಂಶೋಧಕರಿಗೆ ಸಿಗುತ್ತದೆ. ಎಷ್ಟೋ ಶ್ರೀಮಂತ ದೇಶಗಳಿಗಿಂತ ಇದು ಉದಾರ. ಆದರೆ ಬಹುಕಾಲ, ಒಂದೇ ಕಾರ್ಖಾನೆಯನ್ನು ವರ್ಷವರ್ಷ ಹಿಂಬಾಲಿಸುವ ಗುರುತು ಇದ್ದ ಕಡತದಲ್ಲಿ ಜಿಲ್ಲೆಯ ಗುರುತು ಇರುತ್ತಿರಲಿಲ್ಲ. ಇದರ ಜೊತೆಗೆ, ವಿದ್ಯುತ್ ಬಳಸಿದರೆ 10, ಬಳಸದಿದ್ದರೆ 20 ಕೆಲಸಗಾರರಾದರೂ ಇರುವ ನೋಂದಾಯಿತ ಕಾರ್ಖಾನೆಗಳೇ ಮುಖ್ಯವಾಗಿ ಈ ಸಮೀಕ್ಷೆಯಲ್ಲಿ ಬರುತ್ತಾ ಬಂದಿವೆ. ಅದರ ಆಚೆ ಇರುವ ಸಣ್ಣ ಶೆಡ್ಡು, ಅಂಗಡಿ, ಮನೆಯ ಮುಂದಿನ ಹೊಲಿಗೆ ಯಂತ್ರಗಳಿಗಾಗಿ ಬೇರೆ ಸಮೀಕ್ಷೆ ಇದೆ. 2023-24ರಲ್ಲಿ ಅದು ಅಂದಾಜು ಮಾಡಿದ ಇಂಥ ಉದ್ಯಮಗಳ ಸಂಖ್ಯೆ 7.34 ಕೋಟಿ.